ಗ್ವಾರಾನಾ, ಕಾಫಿ, ಕೆಫೀನ್ ಮಾತ್ರೆ: ಚುರುಕಿಗೆ ಯಾವುದನ್ನು ಆರಿಸಬೇಕು?

ಜಿಮ್‌ಗೆ ಹೋಗುವವರು ಕುಡಿಯುವ ಪುಡಿ, ತೂಕ ಇಳಿಸುವ ಮಾತ್ರೆ, ಎನರ್ಜಿ ಡ್ರಿಂಕ್, ಕೊನೆಗೆ ಕೆಲವು ಚೂಯಿಂಗ್ ಗಮ್ ಕೂಡ. ಇವುಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಗ್ವಾರಾನಾ ಎಂಬ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ. ಮುಂಬದಿಯಲ್ಲಿ ಮಾತ್ರ 'ನೈಸರ್ಗಿಕ ಶಕ್ತಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಕಾಫಿ ಬಿಟ್ಟು ಇದನ್ನು ಶುರು ಮಾಡಿದರೆ ಹೇಗೆ ಎಂದು ಯೋಚಿಸುತ್ತಿರುವವರಿಗಾಗಿ ಈ ಬರಹ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗ್ವಾರಾನಾ ಕೊಡುವ ಚುರುಕಿನಲ್ಲಿ ಬಹುಪಾಲು ಕೆಫೀನ್‌ನದೇ. ಕಾಫಿಯಲ್ಲಿ, ಟೀಯಲ್ಲಿ ಇರುವ ಅದೇ ಕೆಫೀನ್. ಹಾಗಾಗಿ 'ಯಾವ ಗಿಡದ್ದು ಒಳ್ಳೇದು' ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, 'ನನ್ನ ಹೊಟ್ಟೆಗೆ ಎಷ್ಟು ಮಿಲಿಗ್ರಾಂ ಹೋಗುತ್ತಿದೆ, ಅದು ನನಗೆ ಗೊತ್ತಾಗುತ್ತದಾ' ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯೋಗ. ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಮೇಲೇ ನಿಂತಿದೆ.

ಇದು ಎಲ್ಲಿಯ ಬೀಜ

ಗ್ವಾರಾನಾ ಅಮೆಜಾನ್ ಕಾಡಿನ ಬಳ್ಳಿ. ಸಸ್ಯಶಾಸ್ತ್ರದ ಹೆಸರು ಪೌಲಿನಿಯಾ ಕುಪಾನಾ. ಲಿಚಿಯ ಕುಟುಂಬಕ್ಕೇ ಸೇರಿದ್ದು. ಹಣ್ಣು ಕೆಂಪಗೆ ಮಾಗಿ ಬಿರಿದಾಗ ಒಳಗಿನ ಬಿಳಿ ತಿರುಳು, ಅದರ ನಡುವಿನ ಕಪ್ಪು ಬೀಜ ಹೊರಗೆ ಇಣುಕುತ್ತವೆ. ನೋಡಿದರೆ ಥೇಟ್ ಕಣ್ಣಿನ ಹಾಗೇ. ಕೆಲಸಕ್ಕೆ ಬರುವುದು ಈ ಬೀಜ.

ಬ್ರೆಜಿಲ್‌ನ ಸಾತೆರೆ-ಮಾವೆ ಜನ ಇದನ್ನು ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ. ಬೀಜವನ್ನು ಹುರಿದು, ಕುಟ್ಟಿ, ನೀರು ಹಾಕಿ ಕಲಸಿ, ಉದ್ದ ಕೋಲಿನಂತೆ ಹೊಸೆದು, ಹೊಗೆಯಲ್ಲಿ ಒಣಗಿಸುತ್ತಾರೆ. ಕುಡಿಯುವ ಹೊತ್ತಿಗೆ ಆ ಕೋಲನ್ನು ಪಿರಾರುಕು ಎಂಬ ದೊಡ್ಡ ಮೀನಿನ ಒಣಗಿದ ಎಲುಬಿನ ನಾಲಗೆಗೆ ಉಜ್ಜಿ, ಉದುರಿದ ಪುಡಿಯನ್ನು ನೀರಿಗೆ ಬೆರೆಸುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾದ ಕೋಲು ಅದು. ಎಷ್ಟು ಉಜ್ಜಿದರೂ ಒಂದು ಸಲಕ್ಕೆ ಉದುರುವುದು ಸ್ವಲ್ಪವೇ. ಈಗಿನ ಕ್ಯಾಪ್ಸೂಲ್ ನುಂಗುವುದಕ್ಕೂ ಇದಕ್ಕೂ ಇರುವ ದೊಡ್ಡ ಅಂತರ ಇಲ್ಲೇ ಇದೆ. 'ಸಾವಿರಾರು ವರ್ಷಗಳಿಂದ ಬಳಸಿದ್ದು, ಆದ್ದರಿಂದ ಸುರಕ್ಷಿತ' ಎಂದು ಜಾಹೀರಾತು ಹೇಳುತ್ತದೆ. ಆದರೆ ಅವರು ಬಳಸಿದ್ದು ಸಾರ ತೆಗೆದು ಗಟ್ಟಿ ಮಾಡಿದ ಪುಡಿಯನ್ನಲ್ಲ.

1826ರಲ್ಲಿ ಜರ್ಮನಿಯಲ್ಲಿ ಈ ಬೀಜದಿಂದ ಒಂದು ಹರಳನ್ನು ಬೇರ್ಪಡಿಸಿ, ಅದಕ್ಕೆ 'ಗ್ವಾರಾನಿನ್' ಎಂದು ಹೆಸರಿಟ್ಟರು. ಹೊಸ ವಸ್ತು ಸಿಕ್ಕಿತು ಎಂದೇ ಅಂದುಕೊಂಡಿದ್ದರು. ಮುಂದೆ ಅದು ಕೆಫೀನ್ ಎಂದು ತಿಳಿಯಿತು. ಇಷ್ಟಾದರೂ 'ಇದರಲ್ಲಿರುವುದು ಕೆಫೀನ್ ಅಲ್ಲ, ಗ್ವಾರಾನಿನ್, ಅದು ಮೃದು' ಎಂದು ಹೇಳಿ ಮಾರುವವರು ಇವತ್ತಿಗೂ ಇದ್ದಾರೆ. ಹಾಗೆ ಹೇಳುವವರ ಅಂಗಡಿಯಿಂದ ಏನನ್ನೂ ಕೊಳ್ಳದಿರುವುದೇ ವಾಸಿ.

'ಕಾಫಿಗಿಂತ ನಾಲ್ಕು ಪಟ್ಟು' ಎಂಬ ಲೆಕ್ಕ

ಗ್ವಾರಾನಾ ಬೀಜದ ತೂಕದಲ್ಲಿ ಸುಮಾರು 2ರಿಂದ 6 ಶೇಕಡಾ ಕೆಫೀನ್. ಕಾಫಿ ಬೀಜದಲ್ಲಿ ಸುಮಾರು 1ರಿಂದ 2 ಶೇಕಡಾ. ಇದನ್ನೇ ಹಿಡಿದುಕೊಂಡು 'ಕಾಫಿಗಿಂತ ನಾಲ್ಕು ಪಟ್ಟು ಬಲ' ಎಂದು ಬರೆಯುತ್ತಾರೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಒಂದು ಕಪ್ ಕಾಫಿಗೆ ಹತ್ತು ಗ್ರಾಂ ಆಸುಪಾಸು ಪುಡಿ ಬೀಳುತ್ತದೆ. ಗ್ವಾರಾನಾ ಪುಡಿಯನ್ನು ಯಾರೂ ಹತ್ತು ಗ್ರಾಂ ಹಾಕಿಕೊಳ್ಳುವುದಿಲ್ಲ. ಒಂದು, ಹೆಚ್ಚೆಂದರೆ ಎರಡು ಗ್ರಾಂ. ಗ್ರಾಂಗೆ ಗ್ರಾಂ ಹೋಲಿಸಿ ಏನು ಪ್ರಯೋಜನ? ನಾವು ಕುಡಿಯುವುದು ಕಪ್ ಲೆಕ್ಕದಲ್ಲಿ ಅಲ್ವಾ?

ಕಪ್ ಲೆಕ್ಕಕ್ಕೇ ಬರೋಣ. 240 ಮಿ.ಲೀ. ಫಿಲ್ಟರ್ ಮಾಡಿದ ಕಾಫಿಯಲ್ಲಿ ಸರಾಸರಿ 95 ಮಿ.ಗ್ರಾಂ ಕೆಫೀನ್. ಅಷ್ಟೇ ಟೀಯಲ್ಲಿ ಅದರ ಅರ್ಧದಷ್ಟು. 250 ಮಿ.ಲೀ. ಎನರ್ಜಿ ಡ್ರಿಂಕಿನ ಸಣ್ಣ ಕ್ಯಾನ್‌ನಲ್ಲಿ ಸಾಮಾನ್ಯವಾಗಿ 80 ಮಿ.ಗ್ರಾಂ. ಕೆಫೀನ್ ಮಾತ್ರೆ ಬರುವುದು 100 ಇಲ್ಲವೇ 200 ಮಿ.ಗ್ರಾಂನಲ್ಲಿ. ಇನ್ನು ಒಂದು ಗ್ರಾಂ ಗ್ವಾರಾನಾ ಪುಡಿ? 20 ಇರಬಹುದು, 60ನ್ನೂ ಮುಟ್ಟಬಹುದು. ಬೀಜ ಯಾವ ಕಡೆಯದು, ಹೇಗೆ ಹುರಿದರು ಎಂಬುದರ ಮೇಲೆ ಹೋಗುತ್ತದೆ. ಎರಡು ಗ್ರಾಂ ಹಾಕಿಕೊಂಡರೆ 40ರಿಂದ 120. ಅಂದರೆ ಒಂದು ಟೀ ಆದರೂ ಆಗಬಹುದು, ಗಟ್ಟಿ ಕಾಫಿ ಆದರೂ ಆಗಬಹುದು. ಯಾವುದು ಎಂದು ನಾಲಿಗೆಗೆ ಗೊತ್ತಾಗುವುದಿಲ್ಲ. ಎರಡೂ ಕಹಿಯಾಗೇ, ಒಗರಾಗೇ ಇರುತ್ತವೆ.

ಪುಡಿಯ ಕಥೆ ಇದಾದರೆ ಕ್ಯಾಪ್ಸೂಲ್‌ನದು ಇನ್ನೂ ಮಜಾ. ಎರಡು ಬಾಟಲಿ ಎದುರಿಗೆ ಇಟ್ಟುಕೊಳ್ಳಿ. ಎರಡರ ಮೇಲೂ 'ಗ್ವಾರಾನಾ 500 ಮಿ.ಗ್ರಾಂ' ಎಂದೇ ಇದೆ. ತಿರುಗಿಸಿ ನೋಡಿ. ಮೊದಲನೆಯದರ ಹಿಂದೆ 'ಬೀಜದ ಪುಡಿ' ಎಂದಿದೆ. ಅದರಲ್ಲಿ ಕೆಫೀನ್ 10ರಿಂದ 30 ಮಿ.ಗ್ರಾಂ ಇರುತ್ತದೆ, ಅಷ್ಟೇ. ಎರಡನೆಯದರ ಹಿಂದೆ 'ಎಕ್ಸ್‌ಟ್ರಾಕ್ಟ್, 22 ಶೇಕಡಾ ಕೆಫೀನ್' ಎಂದಿದೆ. ಎಕ್ಸ್‌ಟ್ರಾಕ್ಟ್ ಅಂದರೆ ಗಟ್ಟಿ ಮಾಡಿದ ಸಾರ. 500ಕ್ಕೆ 22 ಶೇಕಡಾ ಅಂದರೆ 110 ಮಿ.ಗ್ರಾಂ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಕ್ಯಾಪ್ಸೂಲ್. ಆದರೆ ಒಂದರಲ್ಲಿ ಅರ್ಧ ಕಪ್ ಟೀ, ಇನ್ನೊಂದರಲ್ಲಿ ಒಂದು ದೊಡ್ಡ ಕಾಫಿ. ಮೊದಲನೆಯದನ್ನು ದಿನಕ್ಕೆ ನಾಲ್ಕು ನುಂಗಿ ಅಭ್ಯಾಸವಾದವರು ಬಾಟಲಿ ಖಾಲಿಯಾದಾಗ ಎರಡನೆಯದನ್ನು ತಂದು ಅದೇ ನಾಲ್ಕನ್ನು ನುಂಗಿದರೆ 440 ಮಿ.ಗ್ರಾಂ ಆಯಿತು.

ಮೂರನೆಯ ಥರದ ಲೇಬಲ್ ಒಂದಿದೆ. ಅದು ಎಲ್ಲಕ್ಕಿಂತ ಕೆಟ್ಟದ್ದು. 'ಎನರ್ಜಿ ಬ್ಲೆಂಡ್ 1200 ಮಿ.ಗ್ರಾಂ' ಎಂದು ಬರೆದು, ಕೆಳಗೆ ಗ್ವಾರಾನಾ, ಗ್ರೀನ್ ಟೀ ಸಾರ, ಯೆರ್ಬಾ ಮಾಟೆ, ಕೋಲಾ ನಟ್ ಎಂದು ಸಾಲಾಗಿ ಹೆಸರು ಕೊಟ್ಟಿರುತ್ತಾರೆ. ಈ ನಾಲ್ಕರಲ್ಲೂ ಇರುವುದು ಕೆಫೀನೇ. ಯಾವುದು ಎಷ್ಟು ಎಂದು ಹೇಳಿರುವುದಿಲ್ಲ. ಅಮೆರಿಕದಲ್ಲಿ ಸಪ್ಲಿಮೆಂಟ್ ಡಬ್ಬಿಯ ಮೇಲೆ ಕೆಫೀನ್‌ನ ಪ್ರಮಾಣ ಬರೆಯಲೇಬೇಕು ಎಂಬ ಕಡ್ಡಾಯ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಲೀಟರಿಗೆ 150 ಮಿ.ಗ್ರಾಂ ದಾಟಿದ ಪಾನೀಯಗಳ ಮೇಲೆ ಎಚ್ಚರಿಕೆಯ ಜೊತೆ ಪ್ರಮಾಣವನ್ನೂ ಹಾಕಬೇಕು. ಕಾಫಿ, ಟೀಗೆ ಮಾತ್ರ ವಿನಾಯಿತಿ ಇದೆ. ಇನ್ನು ಕೆಲವು ಕಂಪನಿಗಳು 'ಕೆಫೀನ್ 150 ಮಿ.ಗ್ರಾಂ' ಎಂದು ಪ್ರಾಮಾಣಿಕವಾಗಿಯೇ ಬರೆದಿರುತ್ತವೆ. ಆದರೆ ಅದು ಬೇರೆಯಾಗಿ ಸೇರಿಸಿದ ಕೆಫೀನ್ ಮಾತ್ರವೋ, ಗ್ವಾರಾನಾದಿಂದ ಬರುವುದೂ ಸೇರಿತ್ತೋ ಎಂಬುದು ಸ್ಪಷ್ಟ ಇರುವುದಿಲ್ಲ. 'ಒಟ್ಟು ಕೆಫೀನ್, ಎಲ್ಲ ಮೂಲಗಳಿಂದ' ಎಂಬ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಆ ಡಬ್ಬಿಯನ್ನು ಅಲ್ಲೇ ಇಟ್ಟುಬಿಡಿ.

'ನಿಧಾನಕ್ಕೆ ಬಿಡುಗಡೆ' ನಿಜವಾ?

ಗ್ವಾರಾನಾ ಪರವಾಗಿ ಹೇಳುವ ದೊಡ್ಡ ವಾದ ಇದು. ಕಾಫಿ ಧಡಕ್ಕನೆ ಏರಿಸಿ ಧಡಕ್ಕನೆ ಇಳಿಸುತ್ತದಂತೆ, ಗ್ವಾರಾನಾದ ಕೆಫೀನ್ ಟ್ಯಾನಿನ್‌ಗಳಿಗೆ ಅಂಟಿಕೊಂಡಿರುವುದರಿಂದ ತಾಸುಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುತ್ತದಂತೆ.

ಕೇಳಲು ಚೆನ್ನಾಗಿದೆ. ಟ್ಯಾನಿನ್ ಇರುವುದೂ ನಿಜ. ಒಗರು ಬರುವುದೇ ಅದರಿಂದ. ಆದರೆ ಟ್ಯಾನಿನ್ ಮತ್ತು ಕೆಫೀನ್‌ನ ಈ ನಂಟು ಅಷ್ಟು ಗಟ್ಟಿಯಲ್ಲ. ಪ್ರಯೋಗಾಲಯದಲ್ಲಿ ಮತ್ತು ಪ್ರಾಣಿಗಳಲ್ಲಿ ಹೋಲಿಸಿ ನೋಡಿದಾಗ ಗ್ವಾರಾನಾದ ಕೆಫೀನ್ ಮಾಮೂಲಿ ಕೆಫೀನ್‌ನ ಹಾಗೇ ಹೀರಿಕೊಂಡಿದೆ. ಅದಿರಲಿ, ಕೆಫೀನ್ ಎಲ್ಲಿಂದ ಬಂದರೂ ದೇಹದಲ್ಲಿ ತಾಸುಗಟ್ಟಲೆ ಇದ್ದೇ ಇರುತ್ತದೆ. ಒಬ್ಬ ಆರೋಗ್ಯವಂತ ವಯಸ್ಕನಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ಜಾಸ್ತಿ ಹೊತ್ತು. ಸಿಗರೇಟು ಸೇದುವವರಲ್ಲಿ ಕಡಿಮೆ. ಹಾಗಾಗಿ 'ಇದರ ಪರಿಣಾಮ ಆರು ತಾಸು ಇತ್ತು' ಎಂದು ಯಾರಾದರೂ ಹೇಳಿದರೆ ಅದು ಗ್ವಾರಾನಾದ ವಿಶೇಷ ಏನಲ್ಲ.

ಈ ನಂಬಿಕೆಯಿಂದ ಒಂದು ಕೆಟ್ಟ ಅಭ್ಯಾಸವೂ ಹುಟ್ಟುತ್ತದೆ. ಇಪ್ಪತ್ತು ನಿಮಿಷ ಆಯ್ತು, ಏನೂ ಅನ್ನಿಸಲಿಲ್ಲ, ನಿಧಾನ ತಾನೇ, ಇನ್ನೊಂದು ನುಂಗಿಬಿಡೋಣ ಎಂದು ಕೈ ಮುಂದೆ ಹೋಗುತ್ತದೆ. ಕೆಫೀನ್ ರಕ್ತದಲ್ಲಿ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ತುಂಬಿದ ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ತಡ. ಕ್ಯಾಪ್ಸೂಲ್ ಕರಗಬೇಕಲ್ಲ, ಅದೂ ಸೇರುತ್ತದೆ. ಎರಡೂ ಒಟ್ಟಿಗೆ ಏರಿದಾಗ ಎದೆ ಡವಡವ ಅನ್ನುತ್ತದೆ.

ನಿಜವಾಗಿ ಸಿಗುವ ಪ್ರಯೋಜನ

ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ನಿದ್ದೆ ಬರುತ್ತಿದೆ ಎಂಬ ಸೂಚನೆ ಅದರದ್ದು. ಕೆಫೀನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೂತುಬಿಡುತ್ತದೆ. ಸೂಚನೆ ತಲುಪುವುದಿಲ್ಲ, ದಣಿವು ಗೊತ್ತಾಗುವುದಿಲ್ಲ. ಗಮನ ಕೊಡುವುದು, ತಕ್ಷಣ ಪ್ರತಿಕ್ರಿಯಿಸುವುದು ಸುಧಾರಿಸುತ್ತದೆ. ಇದಕ್ಕೆ ಪುರಾವೆ ಸಾಕಷ್ಟಿದೆ. ಓಟ, ಸೈಕ್ಲಿಂಗ್‌ನಂಥ ಆಟಗಳಲ್ಲೂ ಸಹಾಯ ಆಗುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ 3ರಿಂದ 6 ಮಿ.ಗ್ರಾಂ ಕೆಫೀನ್ ಎಂಬುದು ಕ್ರೀಡಾ ಸಂಶೋಧನೆಯಲ್ಲಿ ಬಳಸುವ ಪ್ರಮಾಣ. ಡೋಪಿಂಗ್ ಪಟ್ಟಿಯಿಂದ ಕೆಫೀನನ್ನು 2004ರಲ್ಲೇ ತೆಗೆದರು, ಈಗ ಅದರ ಬಳಕೆಯನ್ನು ಗಮನಿಸುತ್ತಾರೆ ಅಷ್ಟೇ.

ಆದರೆ ಇದೆಲ್ಲ ಕೆಫೀನ್‌ನ ಸಾಧನೆ. ಗ್ವಾರಾನಾಕ್ಕೆ ತನ್ನದೇ ಆದದ್ದು ಏನಾದರೂ ಇದೆಯಾ? ಇರಬಹುದು ಎನ್ನುವ ಸುಳಿವು ಇದೆ. ಬ್ರಿಟನ್‌ನಲ್ಲಿ ಆರೋಗ್ಯವಂತ ಯುವಜನರ ಮೇಲೆ ನಡೆದ ಸಣ್ಣ ಪ್ರಯೋಗಗಳಲ್ಲಿ 75 ಮಿ.ಗ್ರಾಂ ಸಾರ ಕೊಟ್ಟಾಗಲೂ ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಅಷ್ಟು ಸಾರದಲ್ಲಿ ಇರುವ ಕೆಫೀನ್ 10 ಮಿ.ಗ್ರಾಂ ಆಸುಪಾಸು, ಅಂದರೆ ಏನೇನೂ ಸಾಲದು. ಹಾಗಾದರೆ ಕೆಲಸ ಮಾಡಿದ್ದು ಯಾವುದು? ಬೀಜದಲ್ಲಿ ಕ್ಯಾಟೆಚಿನ್ ಎಂಬ ಸಸ್ಯ ರಾಸಾಯನಿಕಗಳಿವೆ, ಕೆಫೀನ್‌ನ ಸಂಬಂಧಿಗಳಾದ ಥಿಯೋಬ್ರೊಮಿನ್, ಥಿಯೋಫಿಲಿನ್ ಸ್ವಲ್ಪ ಇವೆ. ಅವುಗಳ ಕೈ ಇರಬಹುದು ಎಂಬುದು ಸಂಶೋಧಕರ ಊಹೆ. ಕುತೂಹಲದ ವಿಷಯವೇ. ಆದರೆ ಇಷ್ಟನ್ನೇ ನಂಬಿ ಕಾಸು ಸುರಿಯುವಷ್ಟು ಗಟ್ಟಿ ಪುರಾವೆ ಅಲ್ಲ ಎಂದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ ಗಮನಿಸಿ: ಈ ಪ್ರಯೋಗಗಳು ಏನಾದರೂ ತೋರಿಸುತ್ತವೆ ಎಂದಾದರೆ, ತೋರಿಸುವುದು ಕಡಿಮೆ ಡೋಸಿನ ಗುಣವನ್ನು. ಮಾರುವವರು ಇದೇ ಪ್ರಯೋಗಗಳ ಹೆಸರು ಹೇಳಿ ಮಾರುವುದು ಅದರ ಹತ್ತು ಪಟ್ಟನ್ನು.

ಕ್ಯಾನ್ಸರ್ ಚಿಕಿತ್ಸೆಯ ದಣಿವಿಗೆ ಇದನ್ನು ಕೊಟ್ಟು ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದರಲ್ಲಿ ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿದ್ದ ಮಹಿಳೆಯರಿಗೆ ದಿನಕ್ಕೆ ಎರಡು ಬಾರಿ 50 ಮಿ.ಗ್ರಾಂ ಸಾರ ಕೊಟ್ಟಾಗ ದಣಿವು ಕಡಿಮೆಯಾಯಿತು. ಬೇರೆ ಅಧ್ಯಯನಗಳಲ್ಲಿ, ಉದಾಹರಣೆಗೆ ರೇಡಿಯೇಷನ್ ಪಡೆಯುವವರಲ್ಲಿ, ಅಂಥ ಲಾಭ ಕಾಣಲಿಲ್ಲ. ಚಿಕಿತ್ಸೆಯಲ್ಲಿರುವವರು ಸ್ವಂತ ನಿರ್ಧಾರ ಮಾಡಬೇಡಿ, ಡಾಕ್ಟರನ್ನು ಕೇಳಿ.

ತೂಕ ಇಳಿಕೆ? ಗ್ವಾರಾನಾ ಒಂದರಿಂದಲೇ ತೂಕ ಇಳಿಯುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಹಿಂದೆ ಅಮೆರಿಕದಲ್ಲಿ ಎಫಿಡ್ರಾ ಎಂಬ ಉತ್ತೇಜಕ ಗಿಡಮೂಲಿಕೆಯ ಜೊತೆ ಇದನ್ನು ಸೇರಿಸಿ ತೂಕ ಇಳಿಸುವ ಮಾತ್ರೆ ಮಾಡುತ್ತಿದ್ದರು. ಹೃದಯಾಘಾತ, ಪಾರ್ಶ್ವವಾಯುವಿನ ದೂರುಗಳು ಬಂದು 2004ರಲ್ಲಿ ಎಫಿಡ್ರಾ ಸಪ್ಲಿಮೆಂಟನ್ನೇ ನಿಷೇಧಿಸಿದರು.

ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ

ಕಾಫಿ ಮತ್ತು ಟೀ. ದಿನನಿತ್ಯದ ಚುರುಕಿಗೆ ನನ್ನ ಮೊದಲ ಮತ ಇವಕ್ಕೇ. ಕಪ್‌ನಿಂದ ಕಪ್‌ಗೆ ಹೆಚ್ಚುಕಮ್ಮಿ ಆಗುವುದು ನಿಜ. ಆದರೆ ಬಿಸಿ ಬಿಸಿಯಾಗಿ ಗುಟುಕು ಗುಟುಕಾಗಿ ಕುಡಿಯಬೇಕಾದ್ದರಿಂದ ಮಿತಿ ತಾನಾಗೇ ಬರುತ್ತದೆ. ಐದು ಕಪ್ ಕಾಫಿಯನ್ನು ಒಂದೇ ಉಸಿರಿಗೆ ಯಾರೂ ಕುಡಿಯಲ್ಲ. ಅಷ್ಟೇ ಕೆಫೀನನ್ನು ಮಾತ್ರೆ ರೂಪದಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿಬಿಡಬಹುದು. ಕಾಫಿಯಿಂದ ಕೈ ನಡುಗುತ್ತದೆ ಎನ್ನುವವರು ಗ್ವಾರಾನಾಕ್ಕೆ ಹೋಗುವ ಬದಲು ಟೀಗೆ ಹೋಗುವುದು ಮೇಲು. ಕೆಫೀನ್ ಅರ್ಧ, ಜೊತೆಗೆ ಮನಸ್ಸನ್ನು ಶಾಂತವಾಗಿಡುತ್ತದೆ ಎನ್ನಲಾದ ಎಲ್-ಥಿಯಾನಿನ್ ಎಂಬ ಅಂಶವೂ ಸಿಗುತ್ತದೆ.

ಕೆಫೀನ್ ಮಾತ್ರೆ. ನೈಸರ್ಗಿಕ ಅಲ್ಲ ಎಂದು ಜನ ಮೂಗು ಮುರಿಯುತ್ತಾರೆ. ನಾನು ಮುರಿಯಲ್ಲ. 100 ಮಿ.ಗ್ರಾಂ ಎಂದರೆ 100 ಮಿ.ಗ್ರಾಂ. ಅರ್ಧ ಮಾಡಿದರೆ 50. ಅಗ್ಗ, ಸಕ್ಕರೆ ಇಲ್ಲ. ಓಟಕ್ಕೆ ಮುಂಚೆ ಲೆಕ್ಕ ಹಾಕಿ ತೆಗೆದುಕೊಳ್ಳಬೇಕೆನ್ನುವ ಕ್ರೀಡಾಪಟುವಿಗೆ ಇದಕ್ಕಿಂತ ಸರಳ ದಾರಿ ಇಲ್ಲ. ಅಪಾಯ ಇರುವುದು ನುಂಗಲು ತುಂಬಾ ಸುಲಭ ಎನ್ನುವುದರಲ್ಲೇ. ಬಿಡಿ ಕೆಫೀನ್ ಪುಡಿಯನ್ನಂತೂ ಮನೆಗೆ ತರಲೇಬೇಡಿ. ಅದರ ಒಂದೇ ಟೀ ಚಮಚದಲ್ಲಿ ಜೀವಕ್ಕೆ ಕುತ್ತು ತರುವಷ್ಟು ಕೆಫೀನ್ ಇರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅಂಥ ಪುಡಿಯನ್ನು ದೊಡ್ಡ ಪೊಟ್ಟಣಗಳಲ್ಲಿ ಗ್ರಾಹಕರಿಗೆ ಮಾರುವುದರ ವಿರುದ್ಧ ಕ್ರಮಕ್ಕೆ ಇಳಿಯಿತು.

ಗ್ವಾರಾನಾ ಎಕ್ಸ್‌ಟ್ರಾಕ್ಟ್ ಕ್ಯಾಪ್ಸೂಲ್. ಕೆಫೀನ್ ಶೇಕಡಾವಾರು ಬರೆದಿದ್ದು, ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಗುರುತು ಇದ್ದರೆ ಪರವಾಗಿಲ್ಲ. ಕಾಫಿ ರುಚಿಯೇ ಆಗದವರಿಗೆ, ಪ್ರಯಾಣದಲ್ಲಿ ಇರುವವರಿಗೆ ಇದೊಂದು ಆಯ್ಕೆ. ಆದರೆ ಕೆಫೀನ್ ಮಾತ್ರೆ ಮಾಡುವ ಕೆಲಸವನ್ನೇ ಇದು ಜಾಸ್ತಿ ದುಡ್ಡಿಗೆ ಮಾಡುತ್ತದೆ ಎಂಬುದು ನೆನಪಿರಲಿ.

ಗ್ವಾರಾನಾ ಪುಡಿ. ಇದು ಇಷ್ಟಪಟ್ಟು ಕುಡಿಯುವವರಿಗೆ. ಹಣ್ಣಿನ ರಸಕ್ಕೋ ಸ್ಮೂದಿಗೋ ಹಾಕಿಕೊಳ್ಳುತ್ತಾರೆ. ಚಮಚದಲ್ಲಿ ಅಳೆಯಬೇಡಿ. ತಲೆ ಸವರಿದ ಟೀ ಚಮಚಕ್ಕೂ ಗುಡ್ಡೆ ಮಾಡಿದ ಟೀ ಚಮಚಕ್ಕೂ ದುಪ್ಪಟ್ಟು ವ್ಯತ್ಯಾಸ ಇರುತ್ತದೆ. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಪುಡಿಯ ಪೊಟ್ಟಣದ ಮೇಲೂ ಕೆಫೀನ್ ಪ್ರಮಾಣ ಇಲ್ಲದಿದ್ದರೆ ಗ್ರಾಂಗೆ 60 ಮಿ.ಗ್ರಾಂ ಇದೆ ಎಂದೇ ಲೆಕ್ಕ ಹಾಕಿ. ಕಡಿಮೆ ಇದ್ದರೆ ನಷ್ಟ ಏನಿಲ್ಲ.

ಎನರ್ಜಿ ಡ್ರಿಂಕ್. ಸಕ್ಕರೆ, ಟೌರಿನ್, ಬಿ ವಿಟಮಿನ್, ಗ್ವಾರಾನಾ ಎಲ್ಲ ಸೇರಿಸಿ ತಣ್ಣಗೆ ಮಾಡಿ ಕೊಡುತ್ತಾರೆ. ತಣ್ಣಗೆ, ಸಿಹಿಯಾಗಿ ಇರುವುದರಿಂದ ಗಟಗಟ ಇಳಿಯುತ್ತದೆ. ಸಣ್ಣ ಕ್ಯಾನ್ ಪರವಾಗಿಲ್ಲ. ಅರ್ಧ ಲೀಟರ್‌ನ ಕ್ಯಾನ್‌ನಲ್ಲಿ 160 ಮಿ.ಗ್ರಾಂ ಇರುವುದು ಮಾಮೂಲು. ಅಮೆರಿಕದ ಒಂದು ಹೋಟೆಲ್ ಸರಣಿ ಕಾಫಿ ಸಾರ ಮತ್ತು ಗ್ವಾರಾನಾ ಬೆರೆಸಿದ ನಿಂಬೆ ಪಾನಕ ಮಾರುತ್ತಿತ್ತು. ದೊಡ್ಡ ಲೋಟದಲ್ಲಿ 390 ಮಿ.ಗ್ರಾಂ ತನಕ ಕೆಫೀನ್ ಇತ್ತು. ಪಾನಕ ಅಂದರೆ ಪಾನಕ ಎಂದೇ ಕುಡಿಯುತ್ತಾರೆ ಅಲ್ವಾ ಜನ? 2023ರಲ್ಲಿ ಕುಡಿದವರ ಸಾವಿಗೆ ಇದೇ ಕಾರಣ ಎಂದು ಮೊಕದ್ದಮೆಗಳು ದಾಖಲಾದವು. 2024ರಲ್ಲಿ ಅದನ್ನು ಮಾರುವುದನ್ನೇ ನಿಲ್ಲಿಸಿದರು. ಬ್ರೆಜಿಲ್‌ನಲ್ಲಿ 1921ರಿಂದ ಸಿಗುವ ಗ್ವಾರಾನಾ ಅಂಟಾರ್ಟಿಕಾದಂಥ ಸೋಡಾಗಳು ಬೇರೆಯೇ ಜಾತಿ. ಅವುಗಳಲ್ಲಿ ಕೆಫೀನ್ ಕಾಫಿಗಿಂತ ಎಷ್ಟೋ ಕಡಿಮೆ. ಅಲ್ಲಿ ಚಿಂತೆ ಸಕ್ಕರೆಯದ್ದು.

ಏನೂ ಬೇಡ ಎನ್ನುವುದೂ ಒಂದು ಆಯ್ಕೆ. ದಿನಾ ಐದು ತಾಸು ನಿದ್ದೆ ಮಾಡಿ ದಣಿಯುತ್ತಿದ್ದರೆ ಕೆಫೀನ್ ಆ ಸಾಲ ತೀರಿಸುವುದಿಲ್ಲ. ಸಾಕಷ್ಟು ಮಲಗಿಯೂ ತಿಂಗಳುಗಟ್ಟಲೆ ಸುಸ್ತು ಇದ್ದರೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇದೆಯಾ ಎಂದು ಪರೀಕ್ಷೆ ಮಾಡಿಸಿ. ರಕ್ತಹೀನತೆ ಇದ್ದವರು ಊಟದ ಜೊತೆ ಗ್ವಾರಾನಾ ತೆಗೆದುಕೊಂಡರೆ ಅದರ ಟ್ಯಾನಿನ್ ಕಬ್ಬಿಣಾಂಶ ಹೀರದಂತೆ ಬೇರೆ ತಡೆಯುತ್ತದೆ. ಸುಸ್ತಿಗೆ ಅಂತ ತಂದದ್ದು ಸುಸ್ತಿನ ಕಾರಣವನ್ನೇ ಬೆಳೆಸಿದ ಹಾಗಾಯಿತು.

ಎಲ್ಲಿ ತನಕ ಸರಿ, ಎಲ್ಲಿಂದ ಅಪಾಯ

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ ತನಕ, ಒಂದೇ ಸಲಕ್ಕೆ 200 ಮಿ.ಗ್ರಾಂ ತನಕ ತೊಂದರೆ ಇಲ್ಲ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಇಡೀ ದಿನಕ್ಕೆ 200. ಇದು ಎಲ್ಲ ಮೂಲಗಳೂ ಸೇರಿದ ಲೆಕ್ಕ. ಬೆಳಗಿನ ಕಾಫಿ, ಸಂಜೆಯ ಟೀ, ಚಾಕೊಲೇಟ್, ಕೋಲಾ, ಕೆಲವು ತಲೆನೋವಿನ ಮಾತ್ರೆ, ಎಲ್ಲವೂ ಇದರಲ್ಲೇ ಬರಬೇಕು. ದಿನಕ್ಕೆ ಮೂರು ಕಾಫಿ ಕುಡಿಯುವವರಿಗೆ ಗ್ವಾರಾನಾಕ್ಕೆ ಜಾಗ ಉಳಿಯುವುದೇ ಒಂದಿಷ್ಟು.

ಮಿತಿ ಮೀರಿದರೆ ಮೊದಲು ಬರುವುದು ಚಡಪಡಿಕೆ, ಕೈ ನಡುಕ, ಎದೆ ಬಡಿತ, ಹೊಟ್ಟೆ ಉರಿ, ಪದೇ ಪದೇ ಮೂತ್ರ. ಕೆಲವರಿಗೆ 100 ಮಿ.ಗ್ರಾಂಗೇ ಇಷ್ಟೂ ಆಗುತ್ತದೆ. ಅದು ಮೈಗುಣ. ಹೆಚ್ಚಿನವರು ಗಮನಿಸದ ನಷ್ಟ ನಿದ್ದೆಯದ್ದು. ಮಲಗುವ ಆರು ತಾಸು ಮುಂಚೆ 400 ಮಿ.ಗ್ರಾಂ ಕೆಫೀನ್ ಕೊಟ್ಟು ನೋಡಿದ ಪ್ರಯೋಗವೊಂದರಲ್ಲಿ ನಿದ್ದೆ ಒಂದು ತಾಸಿಗಿಂತ ಜಾಸ್ತಿ ಕಡಿಮೆಯಾಗಿತ್ತು. ಸಂಜೆ ಜಿಮ್‌ಗೆ ಮುಂಚೆ ತೆಗೆದುಕೊಳ್ಳುವವರು ಇದನ್ನು ನೆನಪಿಡಬೇಕು. ರಾತ್ರಿ ನಿದ್ದೆ ಕೆಟ್ಟು, ಬೆಳಿಗ್ಗೆ ಮತ್ತೆ ಕ್ಯಾಪ್ಸೂಲ್ ಬೇಕಾಗುವುದು ಹೀಗೇ.

ಹೃದಯದ ವಿಷಯದಲ್ಲಿ ಸುಮ್ನೆ ಧೈರ್ಯ ಮಾಡಬೇಡಿ. ಆಸ್ಟ್ರೇಲಿಯಾದಲ್ಲಿ 25 ವರ್ಷದ ಯುವತಿಯೊಬ್ಬಳು ಗ್ವಾರಾನಾ ಇದ್ದ 'ನೈಸರ್ಗಿಕ' ಎನರ್ಜಿ ಪಾನೀಯ ಕುಡಿದ ಮೇಲೆ ಹೃದಯದ ಲಯ ತಪ್ಪಿ ತೀರಿಕೊಂಡ ಪ್ರಕರಣವನ್ನು ಅಲ್ಲಿನ ವೈದ್ಯರು 2001ರಲ್ಲಿ ವರದಿ ಮಾಡಿದರು. ಆಕೆಗೆ ಹೃದಯದ ಮೈಟ್ರಲ್ ಕವಾಟದಲ್ಲಿ ಮೊದಲೇ ದೋಷ ಇತ್ತು. ಪಾನೀಯದಲ್ಲಿ ಕೆಫೀನ್ ತುಂಬಾ ಗಟ್ಟಿಯಾಗಿತ್ತು. ಹೃದಯದ ಲಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಮೂರ್ಛೆ ರೋಗ, ಪ್ಯಾನಿಕ್ ಅಟ್ಯಾಕ್ ಇರುವವರಿಗೆ ಗ್ವಾರಾನಾ ಬೇಡ. ಮಕ್ಕಳಿಗೂ ಹದಿಹರೆಯದವರಿಗೂ ಬೇಡ. ಅವರಿಗೆ ಎನರ್ಜಿ ಡ್ರಿಂಕ್ ಕೊಡಲೇಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ.

ಔಷಧಿಗಳ ಜೊತೆ ಜಗಳ ಆಡುವ ಗುಣವೂ ಇದಕ್ಕಿದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್, ಫ್ಲೂವಾಕ್ಸಮೈನ್ ಎಂಬ ಖಿನ್ನತೆಯ ಮಾತ್ರೆ ಯಕೃತ್ತು ಕೆಫೀನನ್ನು ಕರಗಿಸುವ ವೇಗವನ್ನು ತಗ್ಗಿಸುತ್ತವೆ. ಮಾಮೂಲಿ ಡೋಸೇ ಆಗ ಅತಿಯಾಗುತ್ತದೆ. ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್ ಕೆಫೀನ್‌ನ ಹತ್ತಿರದ ಸಂಬಂಧಿ, ಎರಡೂ ಸೇರಿದರೆ ಅಡ್ಡ ಪರಿಣಾಮ ಹೆಚ್ಚು. ಲಿಥಿಯಂ ತೆಗೆದುಕೊಳ್ಳುವವರು ಕೆಫೀನನ್ನು ಹಠಾತ್ತಾಗಿ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಏರಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರೂ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಇಲ್ಲೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಹೃದಯದ ಕೆಲವು ಸ್ಟ್ರೆಸ್ ಟೆಸ್ಟ್‌ಗಳಿಗೆ ಮುಂಚೆ 12ರಿಂದ 24 ತಾಸು ಕೆಫೀನ್ ಬಿಡಬೇಕು. 'ಕಾಫಿ, ಟೀ ಕುಡಿದಿದ್ದೀರಾ' ಎಂದು ನರ್ಸ್ ಕೇಳುತ್ತಾರೆ. ಇಲ್ಲ ಎನ್ನುತ್ತೀರಿ. ಬೆಳಿಗ್ಗೆ ನುಂಗಿದ ಗ್ವಾರಾನಾ ಕ್ಯಾಪ್ಸೂಲ್ ನೆನಪಿಗೇ ಬರುವುದಿಲ್ಲ.

ಮದ್ಯದ ಜೊತೆ ಬೆರೆಸುವುದು ಬೇಡವೇ ಬೇಡ. ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಅಮಲೇರಿದ್ದು ಗೊತ್ತಾಗದಂತೆ ಮಾಡುತ್ತದೆ. ಫೋರ್ ಲೋಕೊ ಎಂಬ ಅಮೆರಿಕದ ಪಾನೀಯದಲ್ಲಿ ಮದ್ಯ, ಕೆಫೀನ್, ಟೌರಿನ್, ಗ್ವಾರಾನಾ ಒಟ್ಟಿಗೇ ಇದ್ದವು. 2010ರ ನವೆಂಬರ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿದ ಹೊತ್ತಿಗೆ ಕಂಪನಿ ಮದ್ಯ ಬಿಟ್ಟು ಉಳಿದ ಮೂರನ್ನೂ ತೆಗೆಯಿತು.

ಇಷ್ಟಾದ ಮೇಲೂ ನೋಡೋಣ ಎನ್ನುವವರಿಗೆ

ಕೆಫೀನ್ ಪ್ರಮಾಣ ಬರೆದ ಒಂದೇ ಉತ್ಪನ್ನ ಆರಿಸಿ. 50 ಮಿ.ಗ್ರಾಂ ಕೆಫೀನ್ ಬರುವಷ್ಟರಿಂದ ಶುರು ಮಾಡಿ. ಅದೂ ಬೆಳಿಗ್ಗೆ, ತಿಂಡಿ ಆದ ಮೇಲೆ. ಆ ದಿನ ಒಂದು ಕಾಫಿ ಬಿಡಿ, ಇಲ್ಲವಾದರೆ ಯಾವುದರ ಪರಿಣಾಮ ಯಾವುದು ಎಂದು ತಿಳಿಯುವುದಿಲ್ಲ. ಏನೂ ಅನ್ನಿಸದಿದ್ದರೆ ಅದೇ ದಿನ ಇನ್ನೊಂದು ನುಂಗಬೇಡಿ, ಮಾರನೆಯ ದಿನ ನೋಡಿ. ಮಧ್ಯಾಹ್ನದ ಮೇಲೆ ಮುಟ್ಟಬೇಡಿ. ದಿನಾ ತೆಗೆದುಕೊಂಡರೆ ದೇಹ ಒಗ್ಗಿಕೊಳ್ಳುತ್ತದೆ, ಮೊದಲಿನ ಚುರುಕು ಸಿಗದೆ ಡೋಸ್ ಏರಿಸುವ ಆಸೆ ಬರುತ್ತದೆ. ಪರೀಕ್ಷೆ, ರಾತ್ರಿ ಪಾಳಿ, ಓಟದ ಸ್ಪರ್ಧೆ, ಹೀಗೆ ಬೇಕಾದ ದಿನಕ್ಕೆ ಮಾತ್ರ ಇಟ್ಟುಕೊಂಡರೆ ಕಡಿಮೆಯಲ್ಲೇ ಕೆಲಸ ಆಗುತ್ತದೆ.

ಬಿಡುವಾಗಲೂ ಒಮ್ಮೆಲೇ ಬಿಡಬೇಡಿ. ನಿಲ್ಲಿಸಿದ 12ರಿಂದ 24 ತಾಸಿನಲ್ಲಿ ತಲೆನೋವು ಶುರುವಾಗಿ ಎರಡನೆಯ ದಿನದ ಹೊತ್ತಿಗೆ ಜೋರಾಗುತ್ತದೆ. ಕೆಲವರಿಗೆ ಒಂದು ವಾರದ ತನಕ ಮಂಕು ಹಿಡಿದಂತೆ ಇರುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದರೆ ಇದರ ಬಹುಪಾಲು ತಪ್ಪುತ್ತದೆ.

ಎದೆ ನೋವು, ತಲೆ ಸುತ್ತಿ ಬೀಳುವಂತಾಗುವುದು, ನಿಲ್ಲದ ವಾಂತಿ, ಲಯ ತಪ್ಪಿದ ಎದೆ ಬಡಿತ, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಎಷ್ಟು ನುಂಗಿದ್ದು, ಎಷ್ಟು ಹೊತ್ತಾಯಿತು ಎಂದು ಡಾಕ್ಟರಿಗೆ ಹೇಳಬೇಕಾಗುತ್ತದೆ.